ಪಟದ ಕೆಳಗಿನ ಚೀಟಿ

ಆ ಬೆಳಿಗ್ಗೆಯೂ ಎಂದಿನಂತೆ ಬಂಗುಡೆ ಮೀನಿನ ಹೊಟ್ಟೆ ಸೀಳಿ ತೊಳೆದು, ಉಪ್ಪು ಹಚ್ಚಿಟ್ಟು, ಕೈಗೆ ಲಿಂಬೆಸಿಪ್ಪೆ ಉಜ್ಜಿಕೊಂಡು ನಮ್ಮೂರು ಕೋಡಿಯ ವಾಚನಾಲಯಕ್ಕೆ ಹೊರಟೆ. ಮನೆಮನೆಯಿಂದ ತಂದ ಹಳೆಯ ಫೋಟೋಗಳನ್ನು ಅಲ್ಲಿ ಗೋಡೆಗೆ ಹಾಕಿದ್ದೆವು. ಪ್ರತಿಯೊಂದರ ಕೆಳಗೂ ಒಂದು ಖಾಲಿ ಚೀಟಿ. ಪಟದಲ್ಲಿರುವುದು ಯಾರೆಂದು ಗೊತ್ತಿದ್ದವರು ಬರೆಯಬೇಕು. ಬರೆಯಲು ಬಾರದವರಿಗೆ ನಾನು ಬರೆದುಕೊಡಬೇಕು. ಕಾನ್ವೆಂಟಿನಲ್ಲಿ ಡಿಕ್ಟೇಷನ್ ಕೊಡುವಾಗ ಸಿಸ್ಟರ್ ಹೇಳುತ್ತಿದ್ದುದು ಒಂದೇ: ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ.

ಹನ್ನೊಂದರ ಹೊತ್ತಿಗೆ ಊರಲ್ಲಿ ಮೀನು ಮಾರುವ ಅಜ್ಜಿಯೊಬ್ಬರು ಖಾಲಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದರು. ಬಲೆ ಎಳೆಯುವವರ ಪಟದಲ್ಲಿ, ದೋಣಿಯ ಹುಟ್ಟು ಹಿಡಿದು ನಗುತ್ತಿದ್ದವನ ಮೇಲೆ ಬೆರಳಿಟ್ಟರು.

"ಬರಿ ಹೆಣ್ಣೇ. ನನ್ನ್ ಗಂಡನ್ನ ದೋಣಿ ಹುಟ್ಟಂಗೆ ಹೊಡ್ದ್ ಕೊಂದವ. ಇದೇ ಕಡಲ್ ಬದಿ ಹೊಯ್ಗಿ ಮೇಲ್. ಮೂರ್ ಪೆಟ್ಟ್."

"ಹೆಸರು, ಅಜ್ಜಿ?"

"ಅದ್ ನನ್ನ್ ಬಾಯಂಗೆ ಬಪ್ಪುದ್ ಬ್ಯಾಡ."

ಅವರ ಗಂಡ ಕಡಲಿಗೆ ಹೋದವ ತಿರುಗಿ ಬರಲಿಲ್ಲವೆಂದೇ ನಾನು ಕೇಳಿದ್ದು. ಆದರೂ ಹೇಳಿದಂತೆ ದುಂಡಗೆ ಬರೆದು ಅಂಟಿಸಿದೆ. ಮೂರು ಪೆಟ್ಟನ್ನೂ ಬಿಡಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕೂತರು. ನಾಲ್ಕು ಜನ ಓದುವುದನ್ನು ಅವರಿಗೆ ಕಣ್ಣಾರೆ ನೋಡಬೇಕಿತ್ತು.

ಮಧ್ಯಾಹ್ನ ಆ ಪಟ ಕೊಟ್ಟ ಬೋಟಿನ ಮಾಲಕ, ನಗುತ್ತಿದ್ದವನ ಮಗ, ಸೊಸೆಗೆ ತನ್ನಪ್ಪನನ್ನು ತೋರಿಸಲು ಬಂದ. ಓದಿದ. ಚೀಟಿ ಕಿತ್ತು ಬಾಯಲ್ಲಿಟ್ಟು ಅಗಿದು ಉಗಿದ.

"ಯಾರ್ ಹೇಳಿದ್ದ್ ಇದ್?"

"ನಾನೇ," ಎಂದರು ಅಜ್ಜಿ, ಕೂತಲ್ಲಿಂದಲೇ. "ನಿನ್ನಪ್ಪನ್ ಹತ್ರ ಕೇಣ್ ಹೋಗ್."

ಮೊಳೆಯಿಂದ ಪಟ ಕಿತ್ತು ಅವರ ತಲೆಗೇ ಬಡಿದ. ಗಾಜು ಪುಡಿಯಾಯಿತು. ಮತ್ತೊಮ್ಮೆ ಬಡಿದಾಗ ಚೌಕಟ್ಟಿನ ಮೂಲೆ ಹಣೆಗೆ ನಾಟಿತು, ಕಿವಿಯ ಓಲೆ ಹಾರಿ ನನ್ನ ಚಪ್ಪಲಿಯ ಬಳಿ ಬಿತ್ತು. ಮೂರನೆಯ ಪೆಟ್ಟಿಗೆ ನನ್ನ ಬಲಗೈ ಅಡ್ಡ ಬಂತು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬಂಗುಡೆಯ ಹಾಗೆ ಸೀಳಿತು. ಸುತ್ತ ನಿಂತವರು ಬೇರೆ ಪಟಗಳನ್ನು ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ಅಜ್ಜಿ, "ಇನ್ನೊಂದ್ ಚೀಟಿ ಬರಿ" ಎಂದರು. ಎಡಗೈಯಲ್ಲಿ ಬರೆದೆ. ಅಕ್ಷರಗಳು ಒಂದನೇ ಕ್ಲಾಸಿನ ಮಗು ಬರೆದಂತೆ ಬಿದ್ದವು. ಅದನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ವಾಚನಾಲಯಕ್ಕೆ ಅಷ್ಟರಲ್ಲಿ ಬೀಗ ಬಿದ್ದಿತ್ತು.

ಸಂಜೆ ಪಕ್ಕದ ಮನೆಯಾಕೆ ಬಂದು, ನಾನು ಉಪ್ಪು ಹಚ್ಚಿಟ್ಟಿದ್ದ ಮೀನಿಗೆ ಮಸಾಲೆ ಸವರುತ್ತ, ತಲೆಯೆತ್ತದೆ ಹೇಳಿದರು:

"ಅದನ್ನ್ ಚೀಟಿಯಂಗೆ ಬರಿಯುಕ್ ಎಂತ ಇತ್ತ್ ಮಾರಾಯ್ತಿ? ಕೋಡಿಯಂಗೆ ಎಲ್ಲರಿಗೂ ಗೊತ್ತಿಪ್ದೇ ಅಲ್ದಾ."