ಅವಳು ಓದಿಕೊಟ್ಟ ಶಬ್ದಗಳು

ಕಬ್ಬೂರಿನ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಮನೆ ಚಿಕ್ಕೋಡಿಯಲ್ಲಿ. ಯಾರು ಬೇಕಾದರೂ ಬರೆಯಬಹುದಾದ ಒಂದು ಆನ್‌ಲೈನ್ ನಿಘಂಟಿಗೆ ಬಿಡುವಿದ್ದಾಗಲೆಲ್ಲ ಕೆಲಸ ಮಾಡುತ್ತ ಬಂದಿದ್ದೇನೆ. ಅರ್ಥ ಬರೆಯುವವರು ಬೇರೆ ಇದ್ದಾರೆ. ನನ್ನ ಪಾಲಿಗೆ ಬಂದದ್ದು ಟೆಂಪ್ಲೇಟುಗಳು. ಒಂದು ಶಬ್ದ ಯಾವ ಭಾಷೆಯದು, ಅದನ್ನು ಹೇಗೆ ಉಚ್ಚರಿಸುತ್ತಾರೆ ಎಂಬುದನ್ನು ಎಲ್ಲ ಪುಟಗಳಲ್ಲೂ ಒಂದೇ ರೀತಿ ತೋರಿಸುವ ಅಚ್ಚುಗಳು ಅವು. ಅಚ್ಚಿನಲ್ಲಿ ಒಂದು ಚಿಹ್ನೆ ತಪ್ಪಿದರೂ ಅದನ್ನು ಬಳಸಿದ ಪುಟಗಳೆಲ್ಲ ಕೆಡುತ್ತವೆ. ಲೆಕ್ಕದ ಮಾಸ್ತರನಿಗೆ ಹೊಂದುವ ಕೆಲಸ.

ಉಚ್ಚಾರಕ್ಕೆ ಧ್ವನಿಯೂ ಬೇಕು. ನನ್ನ ಗಂಟಲು ತರಗತಿಯಲ್ಲಿ ಕೂಗಿ ಕೂಗಿ ಒಡೆದದ್ದು. ಹೆಂಡತಿಯನ್ನು ಕೇಳಿದೆ. ಅವಳ ತವರು ನಿಪ್ಪಾಣಿ, ಮನೆಮಾತು ಮರಾಠಿ. ಮದುವೆಯಾಗಿ ಬಂದ ಮೇಲೆ ನನ್ನ ಅವ್ವನ ಜೊತೆ ಮಾತಾಡುತ್ತಲೇ ಕನ್ನಡ ಕಲಿತವಳು. ರವಿವಾರ ಮಧ್ಯಾಹ್ನ ಫ್ಯಾನು ಆರಿಸಿ, ಮೊಬೈಲು ಎದುರಿಗಿಟ್ಟುಕೊಂಡು ಒಂದೊಂದೇ ಶಬ್ದ ಓದುತ್ತಿದ್ದಳು. ಚಮಚಾ ಎಂಬಲ್ಲಿ ತಡೆದು ಕೇಳಿದಳು.

"ಏನ್ರಿ, ನಮ್ಮ ಮನ್ಯಾಗ ಇದಕ್ಕ ತ್ಸಮ್‌ತ್ಸಾ ಅಂತಾರ. ಹಂಗ ಹೇಳ್ಲ್ಯಾ, ಪುಸ್ತಕದಾಗ ಇದ್ದಂಗ ಹೇಳ್ಲ್ಯಾ?"

"ನಿನ್ನ ಬಾಯಾಗ ಹೆಂಗ ಬರತೈತಿ ಹಂಗ ಹೇಳ," ಎಂದೆ.

ಆ ಧ್ವನಿಯನ್ನು ಪುಟಕ್ಕೆ ಹಾಕಿದ ಕೆಲವೇ ದಿನಗಳಲ್ಲಿ ಮೈಸೂರಿನ ಕಡೆಯ ಒಬ್ಬ ಸಂಪಾದಕರು ಚರ್ಚಾಪುಟದಲ್ಲಿ ಆಕ್ಷೇಪ ಎತ್ತಿದರು. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. "ಇದು ಮರಾಠಿಯ ಉಚ್ಚಾರ, ಕನ್ನಡದ್ದಲ್ಲ. ತೆಗೆಯುವುದು ಒಳ್ಳೆಯದು" ಎಂದು ಬರೆದಿದ್ದರು. ನಮ್ಮ ಭಾಗದಲ್ಲಿ ಕನ್ನಡ ಮಾತಾಡುವವರೂ ಹಾಗೆ ಅನ್ನುತ್ತಾರೆ ಎಂದು ನಾನು ವಾದಿಸಿದೆ. ವಾದ ಬಹಳ ದಿನ ನಡೆಯಿತು. ಕೊನೆಗೆ ಟೆಂಪ್ಲೇಟಿನಲ್ಲಿ ಊರಿನ ಹೆಸರಿಗೆ ಒಂದು ಜಾಗ ಮಾಡಿದೆ. ಅವಳ ಧ್ವನಿಯ ಪಕ್ಕದಲ್ಲಿ "ಚಿಕ್ಕೋಡಿ, ನಿಪ್ಪಾಣಿ ಭಾಗ" ಎಂದು ಕಾಣತೊಡಗಿತು. ಅವಳಿಗೆ ತೋರಿಸಿದೆ. "ನಮ್ಮೂರ ಹೆಸರೂ ಬಂತಲ್ರಿ," ಎಂದು ಹಿಗ್ಗಿದಳು.

ಹೋದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೋಗಿ ನೋಡಿದರೆ ಗೋಡೆಗೊರಗಿ ಕೂತಿದ್ದಳು. ಬಲಗೈ ಹಿಟ್ಟಿನಲ್ಲೇ ಬಿದ್ದಿತ್ತು, ಬಾಯಿ ಒಂದು ಕಡೆ ಎಳೆದಿತ್ತು. ಪಕ್ಕದ ಮನೆಯವರ ಗಾಡಿಯಲ್ಲಿ ಅಂಕಲಿ, ಕಾಗವಾಡ ದಾಟಿ ಮಿರಜಿಗೆ ಒಯ್ದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಜೀವ ಉಳಿಯಿತು. ಮಾತು ಹೋಗಿತ್ತು. ಎಷ್ಟೋ ದಿನಗಳ ಮೇಲೆ, ವಾರ್ಡಿನಲ್ಲಿ ಅವಳ ಹಾಸಿಗೆಯ ಪಕ್ಕ ಕೂತಿದ್ದಾಗ, ಅವಳು ನನ್ನ ಕಡೆ ಹೊರಳಿ "ಅಹೋ" ಎಂದಳು. ಮತ್ತೆ "ಪಾಣಿ" ಎಂದಳು. ಅಹೋ ಎಂಬುದು ಮರಾಠಿ ಹೆಂಗಸರು ಗಂಡನನ್ನು ಕರೆಯುವ ಮಾತು. ಮದುವೆಯಾದಾಗಿನಿಂದ ಅವಳು ನನ್ನನ್ನು ಏನ್ರಿ ಎಂದೇ ಕರೆದವಳು. ನೀರು ಕುಡಿಸಿದೆ. ಅವಳ ಕುತ್ತಿಗೆಯ ಮೇಲೆ ಚೆಲ್ಲಿದ್ದನ್ನು ಒರೆಸಿದೆ.

ಆಮೇಲೆ ಬಂದ ಶಬ್ದಗಳೂ ಎಲ್ಲ ಮರಾಠಿಯವೇ. ಕನ್ನಡದಲ್ಲಿ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತಿರಲಿಲ್ಲ. ಮಾತಿನ ತರಬೇತಿ ಕೊಡುತ್ತಿದ್ದ ಹುಡುಗಿ ಅಥಣಿ ಕಡೆಯವಳು. "ಯಾವ ಭಾಷಾದಾಗ ಬರತೈತಿ ಅದರಾಗ ಬರ್ಲಿ ಬಿಡ್ರಿ ಸರ್. ಕನ್ನಡಾನ ಬೇಕಂತ ಹಟಾ ಮಾಡಬ್ಯಾಡ್ರಿ. ಅವ್ರಿಗೆ ಭಾಳ ತ್ರಾಸ ಆಗತೈತಿ," ಎಂದಳು.

ಆಗಲಿ ಎಂದೆ. ಆದರೂ ಮನಸ್ಸು ಕೇಳಲಿಲ್ಲ. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಮೊಬೈಲು ತೆಗೆದು ಅವಳು ಓದಿಕೊಟ್ಟ ಶಬ್ದಗಳನ್ನೇ ಅವಳಿಗೆ ಕೇಳಿಸಿದೆ. ಬಾಗಿಲು, ಬೆಳಕು, ಬಿತ್ತನೆ. ತಲೆ ವಾಲಿಸಿ ಗಮನವಿಟ್ಟು ಕೇಳಿದಳು.

"ಹೀ ಕೋಣ್ ಆಹೆ?" ಎಂದಳು. ಇವಳು ಯಾರು ಎಂದು ನನ್ನನ್ನೇ ಕೇಳುತ್ತಿದ್ದಳು.

"ನೀನ ಅದಿ. ನಿಂದ ಧ್ವನಿ ಇದು."

ಅಲ್ಲವೆಂದು ತಲೆ ಅಲ್ಲಾಡಿಸಿದಳು. ಇನ್ನೊಂದು ಶಬ್ದ ಕೇಳಿ "ಛಾನ್ ಬೋಲ್ತೆ," ಎಂದಳು. ಚೆನ್ನಾಗಿ ಮಾತಾಡುತ್ತಾಳೆ ಎಂದು ಮೆಚ್ಚಿಕೊಂಡದ್ದು. ನಾನು ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಣಗಿದ್ದವು. ತೆಗೆದು ಮಡಚುತ್ತ ಅಲ್ಲೇ ಬಹಳ ಹೊತ್ತು ನಿಂತೆ.

ನಿಘಂಟಿನ ಕಡೆ ತಿಂಗಳುಗಟ್ಟಲೆ ಹೋಗಿರಲಿಲ್ಲ. ಹೋದಾಗ, ಹಿನ್ನೆಲೆಯಲ್ಲಿ ಬೇರೆ ಸದ್ದು ಇರುವ ಹಳೆಯ ಧ್ವನಿಗಳನ್ನು ಅಳಿಸಿ ಹೊಸದಾಗಿ ಓದಿಸೋಣ ಎಂಬ ಸೂಚನೆ ಬಂದಿತ್ತು. ಅವಳ ಎಷ್ಟೋ ಶಬ್ದಗಳ ಹಿಂದೆ ಕುಕ್ಕರಿನ ಸೀಟಿ, ಓಣಿಯ ನಾಯಿ ಇದ್ದವು. ಓದಿದವರಿಗೆ ಲಕ್ವ ಹೊಡೆದಿದೆ, ಅವರಿಂದ ಮತ್ತೆ ಓದಿಸಲಾಗದು ಎಂದಷ್ಟೇ ಬರೆದೆ. ಮೊದಲು ಆಕ್ಷೇಪ ಎತ್ತಿದ್ದ ಸಂಪಾದಕರೇ ಉತ್ತರಿಸಿದರು. "ಇವು ಯಾವುದನ್ನೂ ಅಳಿಸುವುದು ಬೇಡ. ಟೆಂಪ್ಲೇಟಿನ ಬಾಕಿ ಕೆಲಸ ನಾನು ನೋಡಿಕೊಳ್ಳುತ್ತೇನೆ. ಅವರು ಈಗ ಹೇಗಿದ್ದಾರೆ?" ಆ ಕೊನೆಯ ಪ್ರಶ್ನೆಗೆ ಪರವಾಗಿಲ್ಲ ಎಂದು ಬರೆದೆ.

ನಾನೀಗ ಮನೆಯಲ್ಲಿ ಮರಾಠಿ ಮಾತಾಡುತ್ತೇನೆ. ಪೇಟೆಯಲ್ಲಿ ಕೇಳಿ ಕಲಿತ ಮರಾಠಿ. ಗಂಡು ಹೆಣ್ಣು ಲಿಂಗ ತಪ್ಪುತ್ತೇನೆ. ಅವಳು ನಿಧಾನವಾಗಿ ತಿದ್ದುತ್ತಾಳೆ. ತಿದ್ದುವಾಗ ಅವಳ ಮಾತು ಹೆಚ್ಚು ತೊಡರುವುದಿಲ್ಲ.

ಮೊನ್ನೆ ಸಂಜೆ ಕಾಯಿಪಲ್ಲೆ ತೆಗೆದುಕೊಂಡು ಬರುತ್ತಿದ್ದೆ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಎದುರು ಮನೆಯ ಮುದುಕಿ ದಾರಿಯಲ್ಲಿ ನಿಂತು "ಆರಾಮ ಅದಿಯೇನಬೇ?" ಎಂದಳು.

"ಅದೀನ್ರಿ. ಬರ್ರಿ, ಕುಂದರ್ರಿ," ಎಂದಳು ನನ್ನ ಹೆಂಡತಿ.

ಕೈಚೀಲ ಹಿಡಿದು ಅಲ್ಲೇ ನಿಂತೆ. ಮುದುಕಿ ಬಂದು ಕೂತಳು. ನಾನು ಹತ್ತಿರ ಬಂದಾಗ ಹೆಂಡತಿ ಚೀಲದ ಬಾಯಿ ತೆರೆದು ನೋಡಿ, ಇವತ್ತು ಮೆಂತ್ಯ ಯಾಕೆ ತರಲಿಲ್ಲ ಎಂದು ಮರಾಠಿಯಲ್ಲಿ ಕೇಳಿದಳು.