ಕಂಪ್ಯೂಟರ್ ತೊಳೆದ ಖಂಡೇನವಮಿ

‘ಆ ದಿನಗಳಲ್ಲಿ’ ಎಂದು ಶುರು ಮಾಡಿದ ಕೂಡಲೇ ನೆನಪು ತಲೆ ಬಾಚಿಕೊಂಡು, ಪೌಡರ್ ಹಚ್ಚಿಕೊಂಡು ಫೋಟೋಕ್ಕೆ ನಿಂತುಬಿಡುತ್ತದೆ. ಆದ್ದರಿಂದ ಖಾತ್ರಿ ಇರುವುದನ್ನಷ್ಟೇ ಮೊದಲು ಹೇಳುತ್ತೇನೆ. ಆ ದಿನಗಳಲ್ಲಿ ನಮ್ಮೂರಿನ ಶಾಲೆಗೆ ಕಂಪ್ಯೂಟರ್ ಬಂತು. ನಮ್ಮೂರು ಹಳಿಯಾಳ ತಾಲೂಕಿನ ಸಾಂಬ್ರಾಣಿ ಎಂಬ ಊರು ದಾಟಿ ಒಳಗೆ ಇದೆ. ನಾನಾಗ ಏಳನೆಯ ಇಯತ್ತೆ.

ಬಂತು ಅಂದರೆ ಹೊಸದಾಗಿ ಪೆಟ್ಟಿಗೆಯಲ್ಲಿ ಬಂದದ್ದಲ್ಲ. ತಂದವರು ಸುಮಿತ್ರಾ ಅಕ್ಕೋರು. ನಮ್ಮ ಕಡೆ ಹೆಣ್ಣುಮಕ್ಕಳು ಕಲಿಸಲು ಬಂದರೆ ಅವರು ಅಕ್ಕೋರು. ದಾಂಡೇಲಿಯ ಬಂಗೂರನಗರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಯಾವುದೋ ಆಫೀಸಿನವರು ಮೂಲೆಗೆ ಹಾಕಿದ್ದ ಸಣ್ಣ ಸಣ್ಣ ಕಬ್ಬಿಣದ ಡಬ್ಬಿಗಳನ್ನು ಬೇಡಿ, ಸೀರೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ತಂದರು. ಥಿನ್ ಕ್ಲೈಂಟ್ ಅಂತ ಅವುಗಳ ಹೆಸರು. ಒಳಗೆ ಹಾರ್ಡ್ ಡಿಸ್ಕ್ ಇಲ್ಲ. ಶಾಲೆಗೆ ಕೊಂಡದ್ದು ಒಂದೇ ಒಂದು ಒಳ್ಳೆಯ ಕಂಪ್ಯೂಟರ್. ಕಳವಾದೀತೆಂದು ಹೆಡ್‌ಮಾಸ್ತರರು ಅದನ್ನು ತಮ್ಮ ಖೋಲಿಯಲ್ಲಿ ಕೀಲಿ ಹಾಕಿ ಇಟ್ಟಿದ್ದರು. ಅಲ್ಲಿಂದ ಗೋಡೆ ತೂತು ಮಾಡಿ ಕೇಬಲ್ ಎಳೆದು ಈ ಡಬ್ಬಿಗಳಿಗೆ ಜೋಡಿಸಿದ್ದರು.

“ಹೆಂಗ ಅಂದ್ರ, ಅಡಿಗಿ ಎಲ್ಲಾ ದೊಡ್ಡ ಕಂಪ್ಯೂಟರಿನಾಗ ಆಗ್ತೈತಿ,” ಅಂದರು ಅಕ್ಕೋರು. “ಈ ಡಬ್ಬಿ ಅಂದ್ರ ಬರೇ ತಾಟು. ಅಲ್ಲಿಂದ ಇಲ್ಲಿಗಿ ಬಡಸೂದು. ತಿಳೀತೇನು?”

“ತಿಳೀತ್ರಿ,” ಅಂದೆವು. ಪಕ್ಕದಲ್ಲಿದ್ದ ನನ್ನ ಗೆಳತಿ ಕಸ್ತೂರಿ ಮೆಲ್ಲಗೆ, “ಮತ್ತ ಉಪ್ಪಿನಕಾಯಿ?” ಅಂದಳು.

ಡಬ್ಬಿಗಳನ್ನು ಇಟ್ಟದ್ದು ಮೊದಲು ಬಿಸಿಯೂಟದ ಅಕ್ಕಿ ಚೀಲ ಇಡುತ್ತಿದ್ದ ಖೋಲಿಯಲ್ಲಿ. ಗೋಣಿತಟ್ಟಿನ ವಾಸನೆ ಹೋಗಿರಲೇ ಇಲ್ಲ. ಪರದೆಗಳು ಕಾದಾಗ ಧೂಳು ಬಿಸಿಯಾದ ಇನ್ನೊಂದು ವಾಸನೆ ಅದಕ್ಕೆ ಸೇರುತ್ತಿತ್ತು. ಮಧ್ಯಾಹ್ನದ ಚಿಣಿಫಣಿ ಆಟ ಬಿಟ್ಟು ಅಲ್ಲಿ ಹೋಗಿ ಕೂಡುತ್ತಿದ್ದೆವು. ಪರದೆಯ ಮೇಲೆ ಮನೆ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು.

ಹೆಡ್‌ಮಾಸ್ತರರಿಗೆ ಕಂಪ್ಯೂಟರಿನ ಮೇಲೆ ಸಿಟ್ಟಿರಲಿಲ್ಲ, ಇಲಿಗಳ ಮೇಲಿತ್ತು. ಅಕ್ಕಿ ವರಾಂಡಕ್ಕೆ ಬಂದ ಮೇಲೆ ಇಲಿ ವಿಪರೀತವಾಗಿದ್ದವು. ದಸರಾ ಸೂಟಿ ಮುಗಿದ ಮೇಲೆ ಹಳಿಯಾಳದಿಂದ ಶಿಕ್ಷಣ ಇಲಾಖೆಯ ಸಾಹೇಬರು ನೋಡಲು ಬರುವವರಿದ್ದರು. ಅಷ್ಟರಲ್ಲಿ ಎಲ್ಲ ಡಬ್ಬಿಗಳೂ ಸರಿಯಾಗಿ ನಡೆಯಬೇಕು. ಇಲ್ಲವಾದರೆ ಅವು ಪೇಟೆಯ ಶಾಲೆಗೆ ಹೋಗುತ್ತವೆ, ಖೋಲಿ ಅಕ್ಕಿಗೆ ಹೋಗುತ್ತದೆ. ಇದನ್ನು ಅಕ್ಕೋರು ನಮ್ಮ ಮುಂದೆ ಒಂದೇ ಸಲ ಹೇಳಿದ್ದರು. ಆದರೆ ಅವರ ಮುಖ ದಿನಾ ಹೇಳುತ್ತಿತ್ತು.

ಖಂಡೇನವಮಿಯ ದಿನ ಸೂಟಿಯಿದ್ದರೂ ಪೂಜೆಗೆಂದು ನಾವೆಲ್ಲ ಶಾಲೆಗೆ ಹೋದೆವು. ನಮ್ಮಲ್ಲಿ ಅವತ್ತು ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ನೇಗಿಲು, ಕುಡಗೋಲು, ಚಕ್ಕಡಿ, ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿ ಇಡುತ್ತಾರೆ. ಇಟ್ಟ ಮೇಲೆ ಮರುದಿನ ದಸರೆಯ ಬನ್ನಿ ಕೊಡುವತನಕ ಯಾರೂ ಮುಟ್ಟುವುದಿಲ್ಲ. ಅವಕ್ಕೂ ವಿಶ್ರಾಂತಿ ಬೇಕಲ್ಲ. ಅಕ್ಕೋರ ಬಸ್ಸು ಇನ್ನೂ ಬಂದಿರಲಿಲ್ಲ. ಹೆಡ್‌ಮಾಸ್ತರರು ಹೂವು ಕಟ್ಟಿಸುತ್ತ ವರಾಂಡದಿಂದಲೇ ಕೂಗಿದರು:

“ಏ, ಶಾಲಿ ಸಾಮಾನ ಎಲ್ಲಾ ಸ್ವಚ್ಛ ತೊಳದು ಕಟ್ಟಿ ಮ್ಯಾಲ ಇಡ್ರಿ!”

ಸಲಿಕೆ ತೊಳೆದೆವು. ಗುದ್ದಲಿ ತೊಳೆದೆವು. ಗಂಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಆಮೇಲೆ ಕಂಪ್ಯೂಟರ್ ಖೋಲಿಗೆ ಹೋದೆವು. ವೈರು ಬಿಚ್ಚುವುದನ್ನು ಅಕ್ಕೋರೇ ಕಲಿಸಿದ್ದರು. ಡಬ್ಬಿಗಳನ್ನು ಹೊತ್ತು ತಂದು ಬೋರಿನ ನಳಕ್ಕೆ ಹಿಡಿದೆವು. ಕೀಬೋರ್ಡುಗಳನ್ನೂ. ಒಂದು ತೂತಿನಿಂದ ಹೋದ ನೀರು ಇನ್ನೊಂದರಿಂದ ಕಪ್ಪಗೆ ಇಳಿಯುವುದನ್ನು ನೋಡಿ ಎಷ್ಟು ಹೊಲಸಿತ್ತಲ್ಲ ಎಂದು ಹೆಮ್ಮೆಪಟ್ಟೆವು. ಪರದೆಗಳು ಬಹಳ ಭಾರ. ಎತ್ತಲಾಗದೆ ಅಲ್ಲೇ ಬಿಟ್ಟೆವು. ಸೋಪು ಹಾಕಿದ್ದೆವೋ ಇಲ್ಲವೋ? ಹಾಕಿದ್ದೆವು ಅನ್ನುತ್ತಾಳೆ ಕಸ್ತೂರಿ. ನನ್ನ ನೆನಪಿನಲ್ಲಿ ಬರೀ ನೀರು ಹರಿಯುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು.

ಪೂಜೆ ಆಯಿತು. ಕುಂಕುಮ, ಚೆಂಡು ಹೂವು, ಕಾಯಿ. ಶೇಂಗಾ ಹೋಳಿಗೆ ಹಂಚುತ್ತಿದ್ದಾಗ ಅಕ್ಕೋರು ಬಂದರು.

ಕಟ್ಟೆಯ ಮೇಲೆ ಸಲಿಕೆಗಳ ಸಾಲಿನ ಪಕ್ಕ ಡಬ್ಬಿಗಳು ಬೋರಲಾಗಿ ಕೂತಿದ್ದವು. ಇನ್ನೂ ಹನಿ ಇಳಿಯುತ್ತಿತ್ತು. ಅಕ್ಕೋರು ಒಂದನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು.

“ಇದನ್ನ ತೊಳದವರ ಯಾರು?”

“ಎಲ್ಲಾರೂರಿ,” ಅಂದಳು ಕಸ್ತೂರಿ ಖುಷಿಯಿಂದ. ಅಕ್ಕೋರ ಮುಖ ನೋಡಿದ ಮೇಲೆ ದನಿ ಸಣ್ಣದಾಯಿತು. “ನೀವ ಅಂದಿದ್ರೆಲ್ರಿ ಅಕ್ಕೋರ, ತಾಟು ಅಂತ. ತಾಟು ತೊಳೀಬೇಕಲ್ರಿ?”

ಅಕ್ಕೋರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ಎತ್ತಿಕೊಂಡು ಸೀದಾ ಖೋಲಿಯ ಕಡೆ ನಡೆದರು. ಕರೆಂಟಿಗೆ ಹಚ್ಚಿ ಯಾವುದು ಉಳಿದಿದೆ, ಯಾವುದು ಹೋಗಿದೆ ನೋಡುವ ಅವಸರ. ಹೆಡ್‌ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು.

“ಅಕ್ಕೋರ, ಪೂಜಾಕ್ಕ ಇಟ್ಟದ್ದೈತಿ. ನಾಳೆ ಬನ್ನಿ ಕೊಡೂತನಕಾ ಅದನ್ನ ದುಡಿಸೂ ಹಂಗಿಲ್ಲ.”

“ಸರ್ರ, ದುಡಸೂದಲ್ರಿ. ಬರೇ ಹಚ್ಚಿ ನೋಡ್ತೇನಿ.”

“ಎತ್ತಿಗೂ ಹಂಗ ಅಂತೀರೇನು, ಬರೇ ಹೂಡಿ ನೋಡ್ತೇನಿ ಅಂತ?”

“ಎತ್ತನ್ನ ತೊಳದ್ರ ಸಾಯೂದಿಲ್ರಿ ಸರ್ರ!”

ಹೆಡ್‌ಮಾಸ್ತರರಿಗೆ ಆಗ ವಿಷಯ ತಿಳಿಯಿತೆಂದು ಕಾಣುತ್ತದೆ, ಮುಖ ಇಳಿಯಿತು. ಆದರೂ ಬಾಗಿಲು ಬಿಡಲಿಲ್ಲ. “ಆದದ್ದ ಆಗೇತಿ. ಇದರ ಮ್ಯಾಲ ಶಾಸ್ತ್ರನೂ ಮುರೀಬ್ಯಾಡ್ರಿ ತಾಯಿ,” ಅಂದರು. ಅಕ್ಕೋರು ಡಬ್ಬಿಯನ್ನು ಮತ್ತೆ ಸಲಿಕೆಯ ಪಕ್ಕ ಇಟ್ಟು, ಅದರ ಮೇಲಿನ ಹೂವು ಸರಿಪಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವತ್ತು ಮಧ್ಯಾಹ್ನ ಗುಡುಗಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಕಸ್ತೂರಿ ನಕ್ಕಳು. “ಯಾ ಗುಡುಗಲೇ? ನೆತ್ತಿ ಸುಡೂ ಬಿಸಲಿತ್ತು.” ಇರಬೇಕು. ಹೆದರಿಕೆಗೆ ಒಂದು ಗುಡುಗು ಬೇಕಾಗಿತ್ತು, ನೆನಪು ತಂದುಕೊಂಡಿದೆ. ಬಿಸಿಲೇ ನಿಜವಿರಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆ ಬೇರೆ ಕಾರಣ ಸಿಗುವುದಿಲ್ಲ. ಆ ಇಡೀ ದಿನ, ಮರುದಿನವೂ, ಡಬ್ಬಿಗಳು ಕಟ್ಟೆಯ ಮೇಲೆ ಕಾದವು.

ದಸರೆಯ ಸಂಜೆ ಬನ್ನಿ ಕೊಟ್ಟೆವು. ಬಂಗಾರದಂಗ ಇರೂಣು ಎಂದು ಮನೆಮನೆಯಲ್ಲಿ ಹೇಳುತ್ತ ಹೋದರೂ ನಮ್ಮ ಕಣ್ಣು ಶಾಲೆಯ ಕಟ್ಟೆಯ ಕಡೆಗೇ. ಮಾರನೆಯ ಬೆಳಿಗ್ಗೆ ಅಕ್ಕೋರು ಮೊದಲ ಬಸ್ಸಿಗೇ ಬಂದರು. ಹೆಡ್‌ಮಾಸ್ತರರು ತಮ್ಮ ಖೋಲಿಯ ದೊಡ್ಡ ಕಂಪ್ಯೂಟರ್ ಹಚ್ಚಿಟ್ಟು ಬಂದು, ಬಾಗಿಲ ಹತ್ತಿರ ನಿಂತುಕೊಂಡರು. ಮೊದಲನೆಯ ಡಬ್ಬಿಗೆ ವೈರು ಸಿಕ್ಕಿಸಿ ಅಕ್ಕೋರು ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು. ಪರದೆ ಕಪ್ಪಗೇ ಇತ್ತು. ಆಮೇಲೆ ಎಡಮೂಲೆಯಲ್ಲಿ ಬಿಳಿ ಚುಕ್ಕೆಗಳು ಒಂದರ ಹಿಂದೆ ಒಂದು ಬಂದವು. ಆ ಡಬ್ಬಿ ಕೇಬಲ್ಲಿನುದ್ದಕ್ಕೂ ದೊಡ್ಡ ಕಂಪ್ಯೂಟರನ್ನು ಹುಡುಕುತ್ತಿತ್ತು. ಚುಕ್ಕೆ ನಿಂತವು. ಫಕ್ಕನೆ ನೀಲಿ ಪರದೆ.

“ಬಂತೂ!”

ಇಡೀ ಖೋಲಿ ಒದರಿತು. ಎರಡನೆಯದೂ ಬಂತು. ಮತ್ತೊಂದೂ. ಪ್ರತಿಸಲ ಒದರಿದೆವು. ಮೂಲೆಯದೊಂದು ಏಳಲಿಲ್ಲ ಎಂದು ನನ್ನ ಲೆಕ್ಕ. ಎಲ್ಲಾ ಎದ್ದವು ಎಂದು ಕಸ್ತೂರಿಯದು. ಎಲ್ಲಾ ಎದ್ದಿದ್ದರೆ ಕತೆ ತೀರಾ ನುಣುಪಾಯಿತು, ಅದಕ್ಕೇ ನನಗೆ ಸಂಶಯ.

“ನೋಡ್ರಿ, ದೇವಿ ಶಕ್ತಿ!” ಅಂದರು ಹೆಡ್‌ಮಾಸ್ತರರು.

“ಬಿಸಲಿನ ಶಕ್ತಿನೂ ಐತ್ರಿ ಸರ್ರ,” ಎಂದು ಅಕ್ಕೋರು ನಗಲು ಶುರು ಮಾಡಿದವರು, ನಿಲ್ಲಿಸಲಾಗದೆ ಬೆಂಚಿನ ಮೇಲೆ ಕೂತುಬಿಟ್ಟರು. “ನವಮಿ ದಿನಾ ಹಸಿ ಇದ್ದಾಗನ ಹಚ್ಚಿದ್ರ ಎಲ್ಲಾ ಸುಟ್ಟ ಹೋಗ್ತಿದ್ವು. ನೀವು ಅಡ್ಡ ನಿಂತಿದ್ದ ಛಲೋ ಆತು.” ಹೆಡ್‌ಮಾಸ್ತರರು ಹೊರಗೆ ಹೋಗಿ, ವರಾಂಡದ ಅಕ್ಕಿ ಚೀಲಗಳ ಕೆಳಗೆ ಎತ್ತರದ ಹಲಗೆ ಹಾಕಿಸಲು ಹುಡುಗರನ್ನು ಕರೆದರು. ಖೋಲಿ ನಮ್ಮದಾಗಿಯೇ ಉಳಿಯಿತೆಂದು ನಮಗೆ ತಿಳಿದದ್ದು ಆಗ.

ಈಗ ನಾನು ಹಳಿಯಾಳದ ಹತ್ತಿರ ಕಬ್ಬಿನ ಲಾರಿ ತೂಗುವ ಕಾಟಾದಲ್ಲಿ ಕೆಲಸ ಮಾಡುತ್ತೇನೆ. ಮುಂದೆ ಪರದೆ, ಪಕ್ಕದಲ್ಲಿ ನನ್ನ ಫೋನು. ಆ ಪರದೆ ಎಲ್ಲೋ ದೂರದ ದೊಡ್ಡ ಕಂಪ್ಯೂಟರಿನಿಂದ ತನಗೆ ಬೇಕಾದ್ದನ್ನು ತಂದುಕೊಳ್ಳುತ್ತದೆ. ಅದೆಲ್ಲಿದೆ, ಯಾರ ಖೋಲಿಯಲ್ಲಿದೆ, ಗೊತ್ತಿಲ್ಲ. ಆಗಾಗ ಸಿಸ್ಟಮ್ ನಿಲ್ಲುತ್ತದೆ. ಡ್ರೈವರುಗಳು ಕೆಳಗಿಳಿದು ತಮ್ಮ ತಮ್ಮ ಫೋನು ನೋಡುತ್ತಾರೆ, ನಾನು ನನ್ನದನ್ನು. ಸ್ವಲ್ಪ ಹೊತ್ತಿಗೆ ಪರದೆ ತಾನೇ ಬೆಳಗುತ್ತದೆ. ಲಾರಿ ಮುಂದೆ ಸರಿಯುತ್ತದೆ. ಬಂತು ಎಂದು ಯಾರೂ ಒದರುವುದಿಲ್ಲ.