ಅಕ್ಕನ ಭಾರಕ್ಕೆ ಒಪ್ಪಿದ ದೋಣಿ

ಅಕ್ಕ ದೋಣಿ ಕೊಂಡದ್ದು ಎಪ್ಪತ್ತೆರಡರಲ್ಲೋ ಎಪ್ಪತ್ತಮೂರರಲ್ಲೋ, ನನಗೆ ಖಾತ್ರಿಯಿಲ್ಲ. ನಾನಾಗ ಎಂ.ಎಸ್ಸಿ. ಮುಗಿಸಿ, ಯಾವ ಕೆಲಸದಲ್ಲೂ ನಿಲ್ಲಲಾರದೆ, ಮಲಾಡಿನಲ್ಲಿ ಅವಳ ಚಾಳಿನ ಮನೆ ಸೇರಿಕೊಂಡಿದ್ದೆ.

ಅಕ್ಕ ದೊಡ್ಡ ಮೈಯವಳು. ಲೋಕಲ್ ರೈಲಿನಲ್ಲಿ ಅವಳು ಕುಳಿತರೆ ಪಕ್ಕದವರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಕೃಷ್ಣೆಯ ದಂಡೆಯಲ್ಲಿ ಗಾಳ ಹಾಕಿ ಬೆಳೆದವಳಿಗೆ ಈ ಊರಿನಲ್ಲಿ ಇದ್ದದ್ದು ಒಂದೇ ಆಸೆ: ಸಮುದ್ರ ಒಳನುಗ್ಗುವ ಮಲಾಡಿನ ಖಾಡಿಯಲ್ಲಿ ಸ್ವಂತ ದೋಣಿಯಲ್ಲಿ ಕುಳಿತು ಮೀನು ಹಿಡಿಯುವುದು. ಹಿಂದೊಮ್ಮೆ ಯಾರದೋ ಸಪೂರ ದೋಣಿ ಮಗುಚಿ ಅವಳನ್ನು ಎಳೆದು ದಡಕ್ಕೆ ಹಾಕಬೇಕಾಗಿತ್ತು. ಅದನ್ನು ಕಣ್ಣಾರೆ ಕಂಡಿದ್ದ ಭಾವ ಹೇಳಿಬಿಟ್ಟಿದ್ದರು: "ಇನ್ನೊಂದ ಸಲ ನೋಡ್ತೀನಿ. ಮತ್ತ ಹೊಯ್ದಾಡಿತಂದ್ರ ಗಾಳದ ಕೋಲು ಒಲಿಗೆ."

ಅವತ್ತು ಖಾಡಿಯಲ್ಲಿ ನೀರು ಇಳಿದಿತ್ತು. ಮಾರಾಟಕ್ಕಿದ್ದ ಎರಡು ದೋಣಿಗಳೂ ಕೆಸರಿನ ಮೇಲೆ ಕೂತಿದ್ದವು. ನಾನು ಅಗಲವಾದುದನ್ನು ಆರಿಸಿ, ಅದರ ಅಡ್ಡಹಲಗೆಯ ಮೇಲೆ ಅಕ್ಕನನ್ನು ಕೂರಿಸಿದೆ. ಅಲುಗಲಿಲ್ಲ. "ಬೆಸ್ಟ್ ಐತಿ," ಎಂದು ತೀರ್ಪು ಕೊಟ್ಟೆ.

ದೋಣಿ ಮಾರುತ್ತಿದ್ದ ಕೋಳಿ ಜಾತಿಯ ಬೆಸ್ತ ನಕ್ಕ. "ಅರೇ ಸಾಬ್, ಕೀಚಡ್ ಮೇ ತೋ ಹಾಥೀ ಭೀ ನಹೀ ಹಿಲ್ತಾ!" ಕೆಸರಿನಲ್ಲಿ ಆನೆಯೂ ಅಲುಗುವುದಿಲ್ಲವಂತೆ.

"ಆನಿ ಅಂದಿದ್ದು ಯಾರಿಗಪಾ?" ಎಂದಳು ಅಕ್ಕ.

ನೀರು ಏರುವವರೆಗೆ ಕಾದೆವು. ಅಷ್ಟರಲ್ಲಿ ಭಾವನೂ ಬಂದು ಸೇರಿದರು. ದೋಣಿ ತೇಲಿತು. ಹಲಗೆಯ ಮೇಲೆ ಕುಳಿತ ಅಕ್ಕ ಎಡಕ್ಕೆ ಸ್ವಲ್ಪ ವಾಲಿದ್ದೇ ತಡ, ಅಂಚಿನ ಮೇಲಿಂದ ಒಂದು ಕೊಡ ನೀರು ಒಳಗೆ ಬಂತು.

"ಸಾಕು, ಇಳಿ," ಎಂದರು ಭಾವ.

ಅಕ್ಕ ಇಳಿಯಲಿಲ್ಲ. "ಮೊದಲ ಈ ಹಲಗಿ ಕಿತ್ತ ಒಗೀರಿ," ಎಂದಳು. ಹಲಗೆ ತೆಗೆದ ಮೇಲೆ ದೋಣಿಯ ತಳದಲ್ಲೇ ಕುಳಿತಳು, ಈಳಿಗೆಮಣೆಯ ಮುಂದೆ ತರಕಾರಿ ಹೆಚ್ಚಲು ಕೂರುವಂತೆ, ಒಂದು ಕಾಲು ಮಡಚಿ ಇನ್ನೊಂದನ್ನು ಉದ್ದಕ್ಕೆ ಚಾಚಿ. ಮಾರಾಟಕ್ಕಿದ್ದ ಇನ್ನೊಂದು ಸಪೂರ ದೋಣಿಯಲ್ಲಿ ಹಾಗೆ ಕೂರಲು ಜಾಗವೇ ಇರಲಿಲ್ಲ. ನನ್ನ ಆಯ್ಕೆ ಅಷ್ಟರ ಮಟ್ಟಿಗೆ ಸರಿಯಾಗಿತ್ತು. ಭಾರ ಕೆಳಗಿರಬೇಕು ಎಂದು ಅವಳಿಗೆ ಹೇಳಿಕೊಟ್ಟವನು ನಾನೇ ಎಂದು ಬಹಳ ಕಾಲ ನಂಬಿದ್ದೆ. ಅಕ್ಕನನ್ನು ಕೇಳಿದರೆ, "ನೀ ಆಗ ದಂಡ್ಯಾಗ ಸಿಗರೇಟ ಸೇದಕೋತ ನಿಂತಿದ್ದಿ," ಎನ್ನುತ್ತಾಳೆ. ಅವಳು ಹೇಳುವುದೇ ನಿಜವಿರಬೇಕು.

ಅವಳು ಗಾಳ ಬಿಟ್ಟು ಬಲಕ್ಕೆ ಬಾಗಿದಳು. ದೋಣಿ ವಾಲಿತು, ಮತ್ತೆ ತಾನಾಗಿ ಸಮವಾಯಿತು. ಬೇಕೆಂದೇ ಇನ್ನಷ್ಟು ಬಾಗಿದಳು.

"ಏ, ಬ್ಯಾಡ! ಬ್ಯಾಡ ಅಂದ್ನೆಲ್ಲ!" ನನ್ನ ಹಿಂದಿನಿಂದ ಭಾವ ಕೂಗಿದರು.

ಈ ಸಲವೂ ದೋಣಿ ನಿಧಾನವಾಗಿ ವಾಪಸು ಬಂತು. ಹನಿ ನೀರೂ ಒಳಗೆ ಬರಲಿಲ್ಲ.

ತಿರುಗಿ ನೋಡಿದರೆ, ದಾದರಿನ ಆಫೀಸಿನಿಂದ ನೇರ ಬಂದಿದ್ದ ಭಾವ ಬೂಟಿನ ಸಮೇತ ನೀರಿನಲ್ಲಿ ನಿಂತಿದ್ದರು. ಮೊಣಕಾಲುದ್ದ ಎಂದು ನನ್ನ ನೆನಪು, ಸೊಂಟದುದ್ದ ಎಂದು ಅಕ್ಕನ ವಾದ. ಅವರು ಬೆಸ್ತನ ಕಡೆ ತಿರುಗಿ, "ಯಹೀ ದೇ ದೋ," ಎಂದು ಅದೇ ದೋಣಿ ಕೇಳಿದರು. ಆಮೇಲೆ ನನಗೆ: "ಹಲಗಿ ನೀನ ಇಟ್ಕೊ."